ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಇಂದು ಕ್ಯೂಆರ್ ಚೀಟಿ ಅಂಟಿದೆ. ಗಿರಾಕಿ ಫೋನು ಹಿಡಿಯುತ್ತಾನೆ, ಪಕ್ಕದ ಡಬ್ಬಿ ಹಣ ಬಂದಿತೆಂದು ಕೂಗುತ್ತದೆ, ವ್ಯಾಪಾರ ಮುಗಿಯಿತು. ಚಿಲ್ಲರೆಗಾಗಿ ಜಗಳವಿಲ್ಲ, ಹರಿದ ನೋಟಿನ ಕಾಟವಿಲ್ಲ. 2016ರಲ್ಲಿ ಆರಂಭವಾದ ಯುಪಿಐ ಹತ್ತು ವರ್ಷ ತುಂಬುವುದರೊಳಗೆ ಹಳ್ಳಿಯ ಸಂತೆಯನ್ನೂ ತಲುಪಿತು. ಇದನ್ನು ಕಿತ್ತೆಸೆಯಿರೆಂದು ಹೇಳುವವರು ನಾವಲ್ಲ. ಆದರೆ ಈ ಯಂತ್ರ ಬರೆದಿಡುವ ಲೆಕ್ಕ ಯಾರ ಕೈ ಸೇರುತ್ತಿದೆ ಎಂದು ಕೇಳಲೇಬೇಕಾಗಿದೆ.

ಗಿರಣಿಯ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ. ಮಗ್ಗಕ್ಕೆ ಮೀಟರು ಕೂಡಿಸಿದಾಗ, ಆಳು ಎಷ್ಟು ನೇಯ್ದನೆಂಬುದನ್ನು ಯಂತ್ರವೇ ಹೇಳತೊಡಗಿತು. ಆದರೂ ಆ ಅಂಕಿಯನ್ನು ಜಾಬರನೂ ಓದಬಹುದಿತ್ತು, ನೇಯುವವನೂ ಓದಬಹುದಿತ್ತು. ಮಗ್ಗ ನಿಂತದ್ದು ನೂಲು ಕೆಟ್ಟದ್ದರಿಂದಲೋ, ಕರೆಂಟು ಹೋದದ್ದರಿಂದಲೋ ಎಂದು ಅಲ್ಲೇ ನಿಂತು ವಾದಿಸಲು ಅವಕಾಶವಿತ್ತು.

ಅಂಗಡಿಯವರಿಗೆ ಆ ಅವಕಾಶ ಸಿಕ್ಕಲಿಲ್ಲ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಲೆಕ್ಕ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ಸಣ್ಣ ವ್ಯಾಪಾರಿಗಳಿಗೆ ಸಾವಿರಗಟ್ಟಲೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರೂ ಅದರಲ್ಲಿದ್ದರು. ಖಾತೆಗೆ ಬಂದದ್ದೆಲ್ಲ ಮಾರಾಟವೇ? ಭಾವ ಕೊಟ್ಟ ಕೈಸಾಲ, ಚೀಟಿ ಎತ್ತಿದ ಹಣ, ಎಲ್ಲವೂ ಅದೇ ಫೋನಿಗೇ ಬರುತ್ತವೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಉತ್ತರಕ್ಕಿಂತ ಲೆಕ್ಕ ಮಾಡಿದ ಕ್ರಮಕ್ಕೇ ಹೆಚ್ಚು ಅಂಕ ಕೊಡುತ್ತಿದ್ದೆವು. ಇಲಾಖೆ ಮೊತ್ತ ನೋಡಿತು, ಕ್ರಮ ನೋಡಲಿಲ್ಲ. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಫಲಕ ಎದ್ದಿತು, ಬಂದ್‌ಗೆ ಕರೆ ಹೋಯಿತು. ಆಗ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ, ಹಳೆಯ ಬಾಕಿ ಕೇಳುವುದಿಲ್ಲವೆಂದರು. ಒಗ್ಗಟ್ಟಿಲ್ಲದಿದ್ದರೆ ಆ ಮಾತೂ ಹೊರಡುತ್ತಿರಲಿಲ್ಲ. ತೆರಿಗೆ ಕೊಡಬೇಕಾದವರು ಕೊಡಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ.

ಸರ್ಕಾರದ ಕಣ್ಣಾದರೂ ನೋಟೀಸಿನಲ್ಲಿ ಕಾಣುತ್ತದೆ. ಕಾಣದ ಕಣ್ಣು ಬೇರೆಯಿದೆ. ಯುಪಿಐ ಹೆದ್ದಾರಿಯನ್ನು ಕಟ್ಟಿದ್ದು ದೇಶದ ಹಲವು ಬ್ಯಾಂಕುಗಳು ಸೇರಿ ಮಾಡಿಕೊಂಡ ರಾಷ್ಟ್ರೀಯ ಪಾವತಿ ನಿಗಮ. ಹೆಬ್ಬಾಗಿಲಲ್ಲಿ ಕುಳಿತವರು ಫೋನ್‌ಪೇ ಮತ್ತು ಗೂಗಲ್ ಪೇ. ನೂರು ಪಾವತಿಯಲ್ಲಿ ಎಂಬತ್ತರ ಆಸುಪಾಸು ಈ ಎರಡರ ಮೂಲಕವೇ ಸಾಗುತ್ತವೆ. ಯಾರೊಬ್ಬರೂ ನೂರಕ್ಕೆ 30 ಮೀರಕೂಡದೆಂದು ನಿಗಮವೇ 2020ರಲ್ಲಿ ನಿಯಮ ಮಾಡಿತು. 2024ರ ಕೊನೆಯಲ್ಲಿ ಅದರ ಗಡುವನ್ನು ಮತ್ತೆ ಎರಡು ವರ್ಷ ಮುಂದೂಡಿತು. ಫೋನ್‌ಪೇಯ ಬಹುಪಾಲು ಒಡೆತನ ಅಮೆರಿಕದ ವಾಲ್‌ಮಾರ್ಟ್ ಕಂಪನಿಯದು. ಫ್ಲಿಪ್‌ಕಾರ್ಟ್ ಕೂಡ ಅದರದೇ. ನಮ್ಮ ಕಿರಾಣಿ ಅಂಗಡಿಯ ದಿನದ ಗಲ್ಲಾ ಎಣಿಸುವವನೂ, ಅದೇ ಸಾಮಾನನ್ನು ಗಿರಾಕಿಯ ಮನೆಬಾಗಿಲಿಗೆ ಒಯ್ಯುವವನೂ ಒಂದೇ ಮನೆತನದವರು! ಎದುರಂಗಡಿಯವನಿಗೆ ನಮ್ಮ ಖಾತೆ ಪುಸ್ತಕ ಬಿಚ್ಚಿ ತೋರಿಸುವ ಸೆಟ್ಟರು ಯಾವ ಪೇಟೆಯಲ್ಲಿದ್ದಾರೆ?

ಇದು ವ್ಯಾಪಾರಿಗಳ ಗೋಳು, ನಮಗೇನು ಎಂದು ಗಿರಣಿಯವರು ಅನ್ನಬಾರದು. ದಾವಣಗೆರೆಯ ಬಟ್ಟೆ ಗಿರಣಿಗಳು ಮುಚ್ಚಿದ ಕಾಲವನ್ನು ಕಂಡವರನ್ನು ಕೇಳಿ ನೋಡಿ. ಸಂಬಳ ನಿಂತ ತಿಂಗಳಲ್ಲಿ ಉದ್ರಿ ಅಕ್ಕಿ ಸಿಗುವುದು ಓಣಿಯ ಅಂಗಡಿಯಲ್ಲಿ, ಮುಖ ನೋಡಿ ಕೊಡುವವನ ಹತ್ತಿರ.

ಮನೆಮನೆಗೆ ಸಾಮಾನು ಒಯ್ಯುವ ಹುಡುಗರಿಗಾಗಿ 2025ರಲ್ಲಿ ನಮ್ಮ ರಾಜ್ಯ ಒಂದು ಕಾನೂನು ಮಾಡಿದೆ. ಕಾರಣವನ್ನು ಬರೆದು ತಿಳಿಸದೆ, ಹದಿನಾಲ್ಕು ದಿನದ ಮುನ್ಸೂಚನೆ ಕೊಡದೆ ಕಂಪನಿ ಅವರನ್ನು ತೆಗೆಯುವಂತಿಲ್ಲ. ಅಂಥದೇ ಕಟ್ಟು ಅಂಗಡಿಯ ಲೆಕ್ಕಕ್ಕೂ ಬೇಕು: ಪಾವತಿಯ ಲೆಕ್ಕ ಇಟ್ಟವನು ಅದನ್ನು ಮಾರಾಟದ ಕಂಪನಿಗೆ ಕೊಡಕೂಡದು, 30ರ ನಿಯಮ ಇನ್ನು ಮುಂದೂಡಕೂಡದು, ನೋಟೀಸಿಗೆ ಮೊದಲು ವಿಚಾರಣೆ ಆಗಬೇಕು.

ಅಲ್ಲಿಯವರೆಗೆ ಅಂಗಡಿಯವರು ತಮ್ಮ ಕೈಬರಹದ ಪುಸ್ತಕವನ್ನು ಬಿಡದಿರಲಿ. ನೋಟೀಸು ಬಂದವರು ಒಬ್ಬರೇ ಆಡಿಟರ ಮನೆಗೆ ಓಡದೆ ಅದನ್ನು ಸಂಘಕ್ಕೆ ತರಲಿ. ಆ ಸಭೆಗೆ ಗಿರಣಿಯ ಬಂಧುಗಳೂ ಬರಬೇಕು. ಉದ್ರಿ ಪುಸ್ತಕದಲ್ಲಿ ಅವರ ಹೆಸರೂ ಇದೆಯಲ್ಲ.