ಒಂಟಿ ಕೂಸಿನ ಯಾವ ಅರ್ಧ?

ಪರದೇಶದವನು ಬರೋಕೆ ಮುಂಚೆ ನಮ್ಮಲ್ಲಿ ಎಲ್ಲ ನೆಟ್ಟಗಿತ್ತು ಅನ್ನೋ ರಾಗ ನಮಗೇನು ಹೊಸದಲ್ಲ. ಫಿಲಿಪ್ಪೀನ್ಸಿನಲ್ಲೂ ಅದೇ ರಾಗ. ಸ್ಪೇನಿನವರು ಕಾಲಿಡುವ ಮೊದಲು ಅಲ್ಲಿ 'ಬರಂಗಾಯ್' ಎಂಬ ಸಣ್ಣ ಸಣ್ಣ ಊರುಗಳಿದ್ದವು. 'ದಾತು' ಎಂಬ ಯಜಮಾನ ಹೆತ್ತಪ್ಪನ ಹಾಗೆ ಸಾಕುತ್ತಿದ್ದನಂತೆ. ಕೇಳೋಕೆ ಚೆಂದ. ಆದರೆ ಗೆಳೆಯರೇ, ಕತೆ ಹೇಳೋನು ಯಾರ ಜಗಲಿ ಮೇಲೆ ಕೂತಿದಾನೆ ಅಂತ ಮೊದಲು ನೋಡಬೇಕು.

ಆ ದ್ವೀಪಗಳಲ್ಲಿ ಸಿಕ್ಕಿರುವ ಅತ್ಯಂತ ಹಳೆಯ, ಕಾಲ ನಮೂದಾದ ಬರಹ ಲಗೂನಾದ ತಾಮ್ರಪಟ. ಶಕವರ್ಷ 822, ಅಂದರೆ ಕ್ರಿ.ಶ. 900. ನಮ್ಮ ಶಾಸನಗಳ ಹಾಗೆ 'ಸ್ವಸ್ತಿ' ಎಂದೇ ಶುರು. ಒಳಗಿರೋದು ರಾಜನ ದಿಗ್ವಿಜಯವಲ್ಲ. ಚಿನ್ನದ ಸಾಲ ತೀರಿತು, ಮನೆಮಂದಿಗೆಲ್ಲ ಬಿಡುಗಡೆ ಎಂಬ ಪತ್ರ. ಸಾಲದ ಹಗ್ಗ ಅಷ್ಟು ಹಳೆಯದು!

1589ರಲ್ಲಿ ಪ್ಲಾಸೆನ್ಸಿಯಾ ಎಂಬ ಪಾದ್ರಿ ತಗಾಲೋಗ್ ಜನರ ಹಿರಿಯರನ್ನು ಕೇಳಿ ಅವರ ಪದ್ಧತಿಗಳನ್ನು ಬರೆದಿಟ್ಟ. ಮೇಲೆ ದಾತು. ಕೆಳಗೆ, ಕಪ್ಪ ಕೊಡದೆ ಯುದ್ಧಕ್ಕೆ ಅವನ ಹಿಂದೆ ಹೋಗುವ 'ಮಹಾರ್ಲಿಕ'. ತಳದಲ್ಲಿ 'ಅಲಿಪಿನ್'. ಅವರಲ್ಲೂ ಎರಡು ಬಗೆ. ಸ್ವಂತ ಮನೆಯಿದ್ದೂ ಬೆಳೆಯ ಅರ್ಧ ಒಡೆಯನಿಗೆ ಅಳೆಯೋನು ಒಬ್ಬ. ಒಡೆಯನ ಮನೆಯಲ್ಲೇ ದುಡಿದು, ಬೇಕೆಂದಾಗ ಮಾರಾಟವಾಗೋನು ಇನ್ನೊಬ್ಬ. ಸಾಲ, ಸೆರೆ, ದಂಡ ಇವು ಮನುಷ್ಯನನ್ನು ಅಲ್ಲಿಗೆ ತಳ್ಳುತ್ತಿದ್ದವು. ಅಪ್ಪ ಸ್ವತಂತ್ರ, ಅವ್ವ ಅಲಿಪಿನ್ ಆದರೆ ಮಕ್ಕಳನ್ನು ಹಂಚುತ್ತಿದ್ದರು. ಒಂದನೆಯದು ಅಪ್ಪನ ಕಡೆ, ಎರಡನೆಯದು ಅವ್ವನ ಕಡೆ. ಒಂದೇ ಕೂಸಾದರೆ? ಅರ್ಧ ಸ್ವತಂತ್ರ, ಅರ್ಧ ಆಳು!

ಅದು ನಮ್ಮ ಜಾತಿಯಂಥದಲ್ಲ, ಒಪ್ಪೋಣ. ಚಿನ್ನ ತೆತ್ತರೆ ಬಿಡುಗಡೆಯಿತ್ತು. ಆದರೆ ತಕ್ಕಡಿ ಯಾರ ಕೈಲಿತ್ತು?

ಹಾಗಂತ ಸ್ಪೇನಿನವನು ಉದ್ಧಾರ ಮಾಡಿದನೇ? ಅವನು ದಾತುವನ್ನೇ ತೆರಿಗೆ ವಸೂಲಿಗೆ ಕೂರಿಸಿದ. ದಾತುವಿಗೆ ತೆರಿಗೆಯೂ ಮಾಫಿ, ಬಿಟ್ಟಿ ಚಾಕರಿಯೂ ಮಾಫಿ. ದುಡಿಯುವ ಗಂಡಸಿಗೆ ವರ್ಷಕ್ಕೆ 40 ದಿನ ಬಿಟ್ಟಿ. ಒಡೆಯ ಒಡೆಯ ಕೈ ಕುಲುಕಿದರು. ಆಳು ಆಳಾಗೇ ಉಳಿದ.

1978ರಲ್ಲಿ ಮಾರ್ಕೋಸನ ಸರ್ವಾಧಿಕಾರದಲ್ಲಿ ದೇಶಕ್ಕೇ 'ಮಹಾರ್ಲಿಕ' ಅಂತ ಹೆಸರಿಡುವ ಮಸೂದೆ ಬಂತು. 2023ರಲ್ಲಿ ಅವನ ಮಗ ಅಧ್ಯಕ್ಷನಾಗಿ ಅದೇ ಹೆಸರಿನ ಸರ್ಕಾರಿ ಹೂಡಿಕೆ ನಿಧಿಗೆ ಸಹಿ ಹಾಕಿದ. ಭತ್ತ ಬೆಳೆದವನು ಅಲಿಪಿನ್. ದೇಶಕ್ಕೆ ಅವನ ಹೆಸರು ಯಾಕೆ ಬೇಡ?

ಸುವರ್ಣಯುಗ ಅಂತ ಯಾರೇ ಬಾಯಿ ತೆಗೆದರೂ ಒಂದು ಮಾತು ಕೇಳಿ: ಆ ಒಂಟಿ ಕೂಸಿನ ಯಾವ ಅರ್ಧಕ್ಕೆ ಸ್ವಾಮಿ, ನಿಮ್ಮ ಸುವರ್ಣಯುಗ?