ದಂಡದ ಹೊರೆ ಮತ್ತು ಬಾಡಿಗೆಯ ಮನೆ

ಅಮೆರಿಕದ ಫ್ಲೋರಿಡಾ ಸಂಸ್ಥಾನದಲ್ಲಿ, ಸೋರುವ ಛಾವಣಿಯನ್ನಾಗಲಿ ಕೆಟ್ಟ ವಿದ್ಯುತ್ ತಂತಿಯನ್ನಾಗಲಿ ದುರಸ್ತಿ ಮಾಡಿಸದೆ ಬಾಡಿಗೆಯನ್ನು ಮಾತ್ರ ತಪ್ಪದೆ ವಸೂಲು ಮಾಡುವ ಮನೆಯೊಡೆಯನಿಗೆ, ಕೊಟ್ಟ ಗಡುವು ಮೀರಿದೊಡನೆ, ಪೌರನಿಯಮಗಳನ್ನು ಜಾರಿಗೊಳಿಸುವ ಸ್ಥಳೀಯ ಮಂಡಲಿಯು ಸಾಮಾನ್ಯವಾಗಿ ದಿನವೊಂದಕ್ಕೆ 250 ಡಾಲರುಗಳವರೆಗೂ, ಅದೇ ತಪ್ಪನ್ನು ಮರಳಿ ಎಸಗಿದರೆ 500 ಡಾಲರುಗಳವರೆಗೂ ದಂಡ ವಿಧಿಸಬಹುದೆಂದು ಅಲ್ಲಿಯ ಶಾಸನಸಂಹಿತೆಯ 162ನೆಯ ಅಧ್ಯಾಯವು ಹೇಳುತ್ತದೆ. ದಂಡ ವಿಧಿಸಿದ ಆಜ್ಞೆಯು ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಯಿತೆಂದರೆ, ದಂಡವು ಆ ಸ್ವತ್ತಿಗಷ್ಟೇ ಅಲ್ಲದೆ ಅದೇ ಒಡೆಯನ ಇತರ ಆಸ್ತಿಗಳಿಗೂ ಋಣಭಾರವಾಗಿ ಅಂಟಿಕೊಂಡು, 20 ವರ್ಷಗಳವರೆಗೆ ಬಿಡದೆ ಹಿಂಬಾಲಿಸಬಲ್ಲುದು.

ದಿನಕ್ಕೆ 250 ಎಂದರೆ ವರ್ಷಕ್ಕೆ 91,250 ಡಾಲರು! ಮನೆಯ ಬೆಲೆಯನ್ನೇ ನುಂಗುವ ಇಂತಹ ಬಾಕಿ ಇರುವಲ್ಲಿ ಕೊಳ್ಳುವವನು ಮುಂದೆ ಬಾರನು, ಸಾಲ ಕೊಡುವವನು ಒಪ್ಪನು. ಛಾವಣಿ ಸೋರುತ್ತಲೇ ಇರುವುದು, ಅದರಡಿಯಲ್ಲಿ ಬಾಡಿಗೆದಾರನು ಬಕೆಟ್ಟನ್ನು ಇಡುತ್ತಲೇ ಇರುವನು. ಆದುದರಿಂದ ದಂಡವನ್ನು ತಗ್ಗಿಸುವ ಅಧಿಕಾರವನ್ನೂ ಅದೇ ಶಾಸನವು ಮಂಡಲಿಗೆ ಕೊಟ್ಟಿರುವುದು ವಿವೇಕವೇ ಸರಿ.

ಆದರೆ ಆ ರಿಯಾಯಿತಿಯು ಕೈಯೊಡ್ಡಿದವರಿಗೆಲ್ಲ ಹಂಚುವ ಪ್ರಸಾದವಾಗಬಾರದು. ದುರಸ್ತಿ ಮುಗಿದುದನ್ನು ತನಿಖಾಧಿಕಾರಿಯು ಕಣ್ಣಾರೆ ಕಂಡು ಒಪ್ಪಿದ ಮೇಲೆಯೇ ಕಡಿತ, ಹಾಳುಬಿದ್ದ ಮನೆಯನ್ನು ಕೊಂಡು ಸರಿಪಡಿಸಿದ ಹೊಸ ಒಡೆಯನಿಗೆ ಔದಾರ್ಯ, ಪದೇ ಪದೇ ತಪ್ಪೆಸಗಿ ಬಾಡಿಗೆಯಿಂದಲೇ ಕೊಬ್ಬಿದವನಿಗೆ ಪೂರ್ಣ ದಂಡ ಎಂಬ ಈ ತಾರತಮ್ಯವನ್ನು ನಗರಸಭೆಗಳು ಲಿಖಿತ ನಿಯಮವಾಗಿಯೇ ಪ್ರಕಟಿಸುವುದು ಉಚಿತ. ಎಂದಿಗೂ ವಸೂಲಾಗದ ಲಕ್ಷ ಡಾಲರುಗಳ ಲೆಕ್ಕಕ್ಕಿಂತ, ವಾಸಯೋಗ್ಯವಾದ ಒಂದು ಮನೆಯೇ ನಗರಕ್ಕೆ ಹೆಚ್ಚಿನ ಆದಾಯ.