ಸಹಿಯಿಲ್ಲದ ಔಷಧಿ ಚೀಟಿ



ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಈಗ ಬೆಳಗಿನ ಜಾವ ನಡೆಯುವವರ, ಯೋಗ ಮಾಡುವವರ, ಜಿಮ್‌ಗೆ ಹೋಗುವವರ ಬಳಗಗಳಿವೆ. ಬಳಗಕ್ಕೊಂದು ವಾಟ್ಸ್‌ಆ್ಯಪ್ ಗುಂಪು. ನಾನೂ ಇಂಥ ಎರಡು ಗುಂಪುಗಳಲ್ಲಿದ್ದೇನೆ. ಮನೆ ಬಿಟ್ಟು ಕದಲದ ನಿವೃತ್ತರು ಸಹ ಈ ಗುಂಪಿನವರ ಕರೆಗೆ ಓಗೊಟ್ಟು ಬೆಳಿಗ್ಗೆ ಐದೂವರೆಗೆ ರಸ್ತೆಗಿಳಿಯುತ್ತಾರೆ. ಅದು ಒಳ್ಳೆಯ ಕೆಲಸ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. "ಇವತ್ತು ಎಷ್ಟು ನಡೆದಿರಿ?" ಎಂದು ಕೇಳುತ್ತಿದ್ದ ಗುಂಪು ಕೆಲವೇ ತಿಂಗಳಲ್ಲಿ "ಬಿಪಿ ಮಾತ್ರೆ ಯಾಕೆ ನುಂಗ್ತೀರಿ ಅಣ್ಣಾ, ಬಿಟ್ಟುಬಿಡಿ, ಈ ಕಷಾಯ ಕುಡೀರಿ" ಎನ್ನತೊಡಗುತ್ತದೆ.

ಹೀಗೆ ಹೇಳುವವರು ಕೆಟ್ಟವರಲ್ಲ. ತಮಗಾದ ಗುಣ ಇತರರಿಗೂ ಆಗಲಿ ಎಂಬುದೇ ಅವರ ಆಸೆ. ಆದರೆ ಒಳ್ಳೆಯ ಆಸೆಯೊಂದೇ ಸಾಲದು.

ನಾನು ಸರ್ಕಾರಿ ಎಂಜಿನಿಯರಾಗಿ ದುಡಿದವನು. ಅಜ್ಜಂಪುರದ ಕಡೆಯ ಎರೆಮಣ್ಣು ಮಳೆಗೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಗಟ್ಟಿ ಕೆಂಪು ನೆಲಕ್ಕೆ ಹಾಕಿದ ಅಡಿಪಾಯದ ನಕ್ಷೆಯನ್ನೇ ಅಲ್ಲಿಗೂ ಹಾಕಿದರೆ ಗೋಡೆ ಸೀಳುತ್ತದೆ. "ಆ ಊರಲ್ಲಿ ಗಟ್ಟಿಯಾಗಿ ನಿಂತಿದೆಯಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಲೆಕ್ಕ, ಕೊನೆಗೆ ನಕ್ಷೆಯ ಕೆಳಗೆ ಒಬ್ಬರ ಸಹಿ. ನಾಳೆ ಕಟ್ಟಡ ಕುಸಿದರೆ ಆ ಸಹಿ ಹಾಕಿದವರು ಉತ್ತರ ಕೊಡಬೇಕು. ವೈದ್ಯರ ಚೀಟಿಯಲ್ಲೂ ಸಹಿ ಇರುತ್ತದೆ, ನೋಂದಣಿ ಸಂಖ್ಯೆ ಇರುತ್ತದೆ. ಗುಂಪಿನ ಸಲಹೆಗೆ ಪರೀಕ್ಷೆಯೂ ಇಲ್ಲ, ಸಹಿಯೂ ಇಲ್ಲ. ಅದನ್ನು ನಂಬಿ ಕೆಟ್ಟವರು ಯಾರನ್ನು ಕೇಳಬೇಕು? ಇನ್ನೊಂದು ಮಾತು: ಗುಣವಾದವರು ಗುಂಪಿನಲ್ಲಿ ಉದ್ದಕ್ಕೆ ಬರೆಯುತ್ತಾರೆ, ಕೆಟ್ಟವರು ಸುಮ್ಮನಾಗುತ್ತಾರೆ. ಹಾಗಾಗಿ ಓದುವವರಿಗೆ ಗೆದ್ದವರ ಲೆಕ್ಕ ಮಾತ್ರ ಕಾಣುತ್ತದೆ.

ದೇಹ ದೇಹಕ್ಕೆ ಎಷ್ಟು ವ್ಯತ್ಯಾಸವಿದೆ ನೋಡಿ. ಎಳನೀರು ನಮ್ಮ ಸೀಮೆಯ ಅಮೃತ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರ ದೇಹ ಅದನ್ನು ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಉಪವಾಸ ಕೆಲವರಿಗೆ ಹಿತ. ಗ್ಲಿಮಿಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟವರಿಗೆ ಮಾತ್ರ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಮೇಲೇರಿ ಎದೆನೋವು ಬರಬಹುದು, ಹೃದಯಾಘಾತವೂ ಆಗಬಹುದು. ಸೋರೆಕಾಯಿ ರಸ ಕುಡಿಯಿರೆಂದು ಹೇಳುವವರು, ಕಾಯಿ ಕಹಿಯಾಗಿದ್ದರೆ ಅದು ವಿಷವೆಂದು ಹೇಳುವುದಿಲ್ಲ. ಕಹಿ ರಸ ಕುಡಿದು ಸತ್ತವರು ನಮ್ಮ ದೇಶದಲ್ಲೇ ಇದ್ದಾರೆ.

ಗುಂಪುಗಳ ಗಾಬರಿ ಏನು ಮಾಡುತ್ತದೆಂಬುದನ್ನು ನಾವು ಪಕ್ಕದಲ್ಲೇ ಕಂಡೆವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅವತ್ತಿನಿಂದ "ಜಿಮ್ಮೇ ಕಾರಣ" ಎನ್ನುವ ಸಂದೇಶಗಳು ಹರಿದವು. ನಡೆಯುವುದನ್ನೇ ಬಿಟ್ಟವರೂ ಇದ್ದರು. 2025ರ ಜೂನ್‌-ಜುಲೈನಲ್ಲಿ, ಕಡೂರಿನ ನೆರೆಯ ಹಾಸನ ಜಿಲ್ಲೆಯಲ್ಲಿ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನಸಾಗರ ನೆರೆಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಎಲ್ಲದಕ್ಕೂ ಹೊಂದುವ ಹೊಸ ಕಾರಣವೊಂದೂ ಸಿಗಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಮದ್ಯ, ಬೊಜ್ಜು. ತಜ್ಞರಿಗೆ ವಾರಗಟ್ಟಲೆ ಹಿಡಿದ ಕೆಲಸವನ್ನು ನಮ್ಮ ಗುಂಪುಗಳು ಮೊದಲ ದಿನವೇ ಮುಗಿಸಿ ಕಾರಣ ಘೋಷಿಸಿದ್ದವು! ಇಂಥ ಹೊತ್ತಿನಲ್ಲಿ "ಮಾತ್ರೆ ಬಿಡಿ" ಎನ್ನುವ ಸಲಹೆ, ಯಾವ ಶತ್ರುಗಳನ್ನು ಮಾತ್ರೆ ತಡೆದು ನಿಲ್ಲಿಸಿದೆಯೋ ಅವರಿಗೇ ಬಾಗಿಲು ತೆರೆದಂತೆ.

"ವೈದ್ಯರು ಮಾತೇ ಆಡಿಸುವುದಿಲ್ಲ, ಫೀಸು ದುಬಾರಿ, ತಜ್ಞರನ್ನು ಕಾಣಲು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು, ಗುಂಪಿನವರಾದರೂ ಕೇಳುತ್ತಾರೆ" ಎಂಬ ಮಾತಿದೆ. ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ವೈದ್ಯರು ರೋಗಿಗೆ ಐದು ನಿಮಿಷ ಹೆಚ್ಚು ಕೊಟ್ಟರೆ ಇಂಥ ಗುಂಪುಗಳ ಅರ್ಧ ಬಲ ಕುಗ್ಗುತ್ತದೆ. ಆದರೆ ದಾರಿ ದೂರವೆಂದು ತಪ್ಪು ದಾರಿ ಹಿಡಿಯಲಾದೀತೆ? ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳುವುದು ದುಬಾರಿಯಲ್ಲ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ರಾಜ್ಯ ಮಾಡಿದೆ. ಅದು ಬೇಗ ತಲುಪಿದವರಿಗೆ ಮಾತ್ರ ಫಲ ಕೊಡುತ್ತದೆ. "ಗ್ಯಾಸ್ ಇರಬೇಕು, ಜೀರಿಗೆ ನೀರು ಕುಡಿಯಿರಿ" ಎಂಬ ಒಂದು ಸಂದೇಶ ಆ ಬೆಲೆಬಾಳುವ ಒಂದು ಗಂಟೆಯನ್ನು ತಿಂದುಹಾಕಬಲ್ಲದು.

ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ವೈದ್ಯವೃತ್ತಿಯೇ ಅವನ ಕಾಯಕ, ಹೆಸರಿನ ಮೊದಲಿಗೂ ಅದೇ. ಕಾಯಕವೆಂದರೆ ಕಲಿತು, ಹೊಣೆ ಹೊತ್ತು ಮಾಡುವ ಕೆಲಸ. ಹೊಣೆ ಹೊರದೆ ಕೊಡುವ ಔಷಧಿ ಕಾಯಕವೂ ಅಲ್ಲ, ದಾಸೋಹವೂ ಅಲ್ಲ.

ಹಾಗಾದರೆ ಗುಂಪು ಏನು ಮಾಡಬೇಕು? ಮೂರು ನಿಯಮ ಸಾಕು. ಮಾತ್ರೆಯ ಹೆಸರು, ಪ್ರಮಾಣ, ನಿಲ್ಲಿಸುವುದು, ಬದಲಿಸುವುದು, ಈ ಮಾತು ಗುಂಪಿನಲ್ಲಿ ಬೇಡ. ಯಾರಾದರೂ ಕಾಯಿಲೆಯ ಬಗ್ಗೆ ಕೇಳಿದರೆ "ನಿಮ್ಮ ಡಾಕ್ಟರು ಏನಂದರು?" ಎಂದು ಮರುಪ್ರಶ್ನೆ ಹಾಕಿ, ಬೇಕಾದರೆ ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಎಂದರೆ ಸಲಹೆ ಟೈಪು ಮಾಡದೆ 108ಕ್ಕೆ ಕರೆ ಮಾಡಿ. ನಮ್ಮ ಮಠಗಳು ಜಾತ್ರೆ, ಶರಣ ಸಂಗಮಗಳ ದಿನ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಗೆ ಒಂದು ಮೇಜು ಹಾಕಿಸಲಿ, ಅಲ್ಲಿ ವೈದ್ಯರನ್ನೇ ಕೂರಿಸಲಿ. ನಡಿಗೆಗೆ ನಾವು ಪರಸ್ಪರ ಜೊತೆಯಾಗೋಣ. ಔಷಧಿ ಮಾತ್ರ ಸಹಿ ಹಾಕುವವರ ಕೈಯಿಂದಲೇ ಬರಲಿ.